ಕಂಪಾರಿ: ಕಹಿಯ ಹದ, ಐಸಿನ ಲೆಕ್ಕ

ಇಟಲಿಯ ಕಹಿಮದ್ಯ ಕಂಪಾರಿ ಮತ್ತು ಅದರ ಬಳಗದ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅಳತೆಗಳು ಮಿಲಿಲೀಟರಿನಲ್ಲಿವೆ. ನಮ್ಮಲ್ಲಿ ಸ್ಮಾಲ್ ಎಂದರೆ 30 ಮಿ.ಲೀ., ಲಾರ್ಜ್ ಎಂದರೆ 60 ಮಿ.ಲೀ.; ಪೆಗ್ ಅಳತೆಯ ಲೋಟ ಮನೆಯಲ್ಲಿದ್ದರೆ ಅಷ್ಟೇ ಸಾಕು. ಕರ್ನಾಟಕದಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಪ್ರಶ್ನೆ: ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಬಣ್ಣ ನೋಡಿ ಕಂಪಾರಿ ಕೊಂಡೆ. ಮನೆಗೆ ಬಂದು ಒಂದು ಸ್ಮಾಲ್ ಹಾಗೆಯೇ ಸುರಿದುಕೊಂಡು ಕುಡಿದೆ. ಕಷಾಯ ಕುಡಿದಂತೆ ಮುಖ ಸಿಂಡರಿಸಿತು. ಬಾಟಲಿ ಹಾಳಾಗಿದೆಯೇ? ಸಕ್ಕರೆ ಪಾಕ ಹಾಕಿದರೆ ಸರಿಹೋಗುತ್ತದೆಯೇ?
(ಓದುಗರು, ಮೈಸೂರು)

ಉತ್ತರ: ಹಾಳಾಗಿಲ್ಲ, ಕಂಪಾರಿ ಇರುವುದೇ ಹಾಗೆ. ಸಕ್ಕರೆಯನ್ನಂತೂ ದಯವಿಟ್ಟು ಹಾಕಬೇಡಿ. ಅದರಲ್ಲಿ ಈಗಾಗಲೇ ಬೇಕಾದಷ್ಟು ಸಕ್ಕರೆ ಇದೆ. ಬಾಟಲಿಯಿಂದ ಒಂದು ಹನಿ ಬೆರಳಿಗೆ ಹಾಕಿ ಉಜ್ಜಿ ನೋಡಿ, ಪಾಕದಂತೆ ಅಂಟುತ್ತದೆ. ಇನ್ನಷ್ಟು ಸಿಹಿ ಸೇರಿಸಿದರೆ ಕಹಿ ಹೋಗುವುದಿಲ್ಲ, ಕಹಿಯ ಮೇಲೆ ಸಿಹಿ ಕೂತು ಕೆಮ್ಮಿನ ಔಷಧಿಯಾಗುತ್ತದೆ.

ಬೆಚ್ಚಗಿರುವ, ನೀರು ಬೆರೆಸದ ಕಂಪಾರಿಯಲ್ಲಿ 25 ಶೇಕಡಾ ಆಲ್ಕೋಹಾಲು, ದಟ್ಟ ಸಿಹಿ, ದಟ್ಟ ಕಹಿ ಮೂರೂ ಒಂದೇ ಗುಟುಕಿನಲ್ಲಿ ನಾಲಿಗೆಗೆ ಬಡಿಯುತ್ತವೆ. ಅದಕ್ಕೆ ಬೇಕಾದದ್ದು ತಂಪು, ನೀರು, ಗುಳ್ಳೆ, ಜೊತೆಗೆ ಕಿತ್ತಳೆ ಸಿಪ್ಪೆಯ ಎಣ್ಣೆ. ಈ ನಾಲ್ಕೂ ಸೇರುವ ಅತಿ ಸರಳ ದಾರಿ ಕಂಪಾರಿ ಸೋಡಾ. ಮೊದಲ ಸಲ ಕುಡಿಯುವವರಿಗೆ ನಾವು ಬೇರೆ ಯಾವುದನ್ನೂ ಹೇಳುವುದಿಲ್ಲ.

ಸುಮಾರು 300 ಮಿ.ಲೀ. ಹಿಡಿಯುವ ಉದ್ದ ಲೋಟವನ್ನು ಅಂಚಿನವರೆಗೆ ಐಸಿನಿಂದ ತುಂಬಿಸಿ. ಎರಡು ಮೂರು ತುಂಡು ಹಾಕಿ ನಿಲ್ಲಿಸಬೇಡಿ. ಐಸು ಕಡಿಮೆಯಾದರೆ ಪಾನೀಯ ತಣ್ಣಗಾಗುವ ಮೊದಲೇ ಅದು ಕರಗಿ ನೀರಾಗುತ್ತದೆ. ತುಂಬ ಐಸಿದ್ದರೆ ಪಾನೀಯ ಬೇಗ ತಣ್ಣಗಾಗುತ್ತದೆ, ಆಮೇಲೆ ಕರಗುವುದು ನಿಧಾನವಾಗುತ್ತದೆ. ಅದರ ಮೇಲೆ 45 ಮಿ.ಲೀ. ಕಂಪಾರಿ, ಮೇಲಿಂದ 90ರಿಂದ 120 ಮಿ.ಲೀ. ಸೋಡಾ. ಸೋಡಾ ಫ್ರಿಜ್‌ನಲ್ಲಿ ಕನಿಷ್ಠ ನಾಲ್ಕು ಗಂಟೆ ಇದ್ದಿರಬೇಕು. ಬೆಚ್ಚಗಿನ ಸೋಡಾ ಐಸಿಗೆ ತಗಲಿದ ಕ್ಷಣ ಬುಸ್ಸೆಂದು ನೊರೆಯೆದ್ದು, ನೀವು ದುಡ್ಡು ಕೊಟ್ಟು ತಂದ ಗುಳ್ಳೆಯೆಲ್ಲ ಗಾಳಿಗೆ ಹೋಗುತ್ತದೆ. ಒಂದೂವರೆ ಎರಡು ಲೀಟರಿನ ದೊಡ್ಡ ಬಾಟಲಿಗಿಂತ ಸಣ್ಣ ಕ್ಯಾನ್ ಒಳ್ಳೆಯದು, ಪ್ರತಿ ಸಲವೂ ಹೊಸ ಗುಳ್ಳೆ ಸಿಗುತ್ತದೆ.

ಈಗ ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ಕಂಪಾರಿ ಸಕ್ಕರೆಯಿಂದಾಗಿ ಸೋಡಾಗಿಂತ ಭಾರ. ತಳದಲ್ಲಿ ಕಡುಕೆಂಪು, ಮೇಲೆ ತೆಳುಗುಲಾಬಿ ಎಂದು ಎರಡು ಪದರ ಕಾಣುತ್ತದೆ. ಹಾಗೆಯೇ ಕುಡಿದರೆ ಮೊದಲರ್ಧ ಸಪ್ಪೆ, ಕೊನೆಯರ್ಧ ಕಷಾಯ. ಉದ್ದ ಚಮಚವನ್ನು ಅಂಚಿಗೆ ತಾಗಿಸಿ ತಳಕ್ಕಿಳಿಸಿ, ಕೆಳಗಿನದನ್ನು ಒಂದೇ ಸಲ ಮೇಲಕ್ಕೆತ್ತಿ. ಗಿರಗಿರನೆ ಕಲಕಬಾರದು, ಗುಳ್ಳೆ ಸಾಯುತ್ತದೆ. ಕೊನೆಗೆ ಅರ್ಧ ಬಿಲ್ಲೆ ಕಿತ್ತಳೆ.

ಇಷ್ಟಾದ ಮೇಲೂ ಕಹಿ ಹೆಚ್ಚೆನಿಸಿದರೆ ಉಪ್ಪಿದೆ. 80 ಮಿ.ಲೀ. ನೀರಿನಲ್ಲಿ 20 ಗ್ರಾಂ ಉಪ್ಪು ಕರಗಿಸಿ ಸಣ್ಣ ಡ್ರಾಪರ್ ಬಾಟಲಿಯಲ್ಲಿಟ್ಟುಕೊಂಡು, ಲೋಟಕ್ಕೆ ಎರಡು ಹನಿ ಹಾಕಿ. ಉಪ್ಪಿನ ರುಚಿ ಬರುವುದಿಲ್ಲ, ಆದರೆ ಸೋಡಿಯಂ ನಾಲಿಗೆಯ ಮೇಲೆ ಕಹಿಯ ಅರಿವನ್ನು ತಗ್ಗಿಸುತ್ತದೆ. ಹಾಗಲಕಾಯಿ ಹೆಚ್ಚಿ ಉಪ್ಪು ಸವರಿ ಇಡುವವರಿಗೆ ಇದರ ಬಲ ಗೊತ್ತೇ ಇದೆ. ಅಲ್ಲಿ ಉಪ್ಪು ಕಹಿನೀರನ್ನು ಹೊರಗೆಳೆಯುವ ಕೆಲಸವನ್ನೂ ಮಾಡುತ್ತದೆ, ಇಲ್ಲಿ ನಾಲಿಗೆಯ ಮಟ್ಟದಲ್ಲಿ ಮಾತ್ರ.

ಪ್ರಶ್ನೆ: ಕಂಪಾರಿಯ ಕೆಂಪು ಬಣ್ಣ ಹುಳದಿಂದ ಬರುತ್ತದೆ ಎಂದು ಕೇಳಿದೆ. ನಾವು ಸಸ್ಯಾಹಾರಿಗಳು. ನಿಜವೇ? ಅದರಲ್ಲಿ ಏನೇನಿದೆ?
(ಓದುಗರು, ಉಡುಪಿ)

ಉತ್ತರ: ಒಂದು ಕಾಲಕ್ಕೆ ನಿಜ. ಗಾಸ್ಪಾರೆ ಕಂಪಾರಿ ಎಂಬವರು 1860ರಲ್ಲಿ ಇಟಲಿಯ ನೊವಾರಾ ಊರಿನಲ್ಲಿ ಇದನ್ನು ರೂಪಿಸಿದರು. ಬಣ್ಣಕ್ಕೆ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆದ ಕಾರ್ಮೈನ್ ಬಳಸುತ್ತಿದ್ದರು. ಇದು ಪಾಪಾಸುಕಳ್ಳಿಯ ಮೇಲೆ ಬದುಕುವ ಕೀಟ. 2006ರಿಂದ ಹೆಚ್ಚಿನ ದೇಶಗಳಿಗೆ ಹೋಗುವ ಕಂಪಾರಿಯಲ್ಲಿ ಕಾರ್ಮೈನ್ ಬಿಟ್ಟು ಕೃತಕ ಬಣ್ಣ ಹಾಕುತ್ತಿದ್ದಾರೆ. ಆದರೂ ನಿಮ್ಮ ಕೈಗೆ ಬಂದ ಬಾಟಲಿ ಯಾವ ದೇಶದ ಮಾರುಕಟ್ಟೆಯದು ಎಂಬುದರ ಮೇಲೆ ಹೋಗುತ್ತದೆ. ಹಿಂದಿನ ಲೇಬಲ್ ಓದಿ. ಕಾರ್ಮೈನ್, ಕೊಚಿನೀಲ್ ಅಥವಾ ಇ 120 ಎಂದಿದ್ದರೆ ಅದು ಕೀಟದ ಬಣ್ಣ, ಬಿಟ್ಟುಬಿಡಿ.

ಒಳಗೇನಿದೆ ಎಂಬುದನ್ನು ಕಂಪನಿ ಬಿಟ್ಟುಕೊಟ್ಟಿಲ್ಲ. ಆಲ್ಕೋಹಾಲು ಮತ್ತು ನೀರಿನಲ್ಲಿ ಗಿಡಮೂಲಿಕೆ, ಹಣ್ಣುಗಳನ್ನು ನೆನೆಸಿ ಸಾರ ತೆಗೆದು ಸಕ್ಕರೆ ಬೆರೆಸುತ್ತಾರೆ ಎನ್ನುವಷ್ಟು ಮಾತ್ರ ಬಹಿರಂಗ. ಅಂತರ್ಜಾಲದಲ್ಲಿ ಓಡಾಡುವ ಪೂರ್ತಿ ಪಟ್ಟಿಗಳನ್ನು ನಂಬಿ ಮನೆಯಲ್ಲಿ ತಯಾರಿಸಲು ಹೊರಡಬೇಡಿ.

ಪ್ರಶ್ನೆ: ಕೆಲಸದ ಮೇಲೆ ಮಿಲಾನ್‌ಗೆ ಬಂದು ಮೂರು ತಿಂಗಳಾಯಿತು. ಸಂಜೆ ಸಹೋದ್ಯೋಗಿಗಳ ಜೊತೆ ಹೋದರೆ ಸ್ಪ್ರಿಟ್ಸ್ ಯಾವುದರದ್ದು, ಅಪೆರೋಲೋ ಕಂಪಾರಿಯೋ ಸೆಲೆಕ್ಟೋ ಎಂದು ಕೇಳುತ್ತಾರೆ. ನನಗೆ ಎಲ್ಲವೂ ಒಂದೇ ಬಣ್ಣದ ನೀರು. ವ್ಯತ್ಯಾಸ ಹೇಳಿ.
(ಓದುಗರು, ಮಿಲಾನ್)

ಉತ್ತರ: ಸ್ಪ್ರಿಟ್ಸ್ ಎಂದರೆ ಇಂಥ ಕಹಿಮದ್ಯಕ್ಕೆ ಗುಳ್ಳೆಯಿರುವ ಸ್ಪಾರ್ಕ್ಲಿಂಗ್ ವೈನ್, ಸೋಡಾ ಬೆರೆಸಿದ ಪಾನೀಯ. ನೀವು ಹೇಳಿದ ಮೂರಕ್ಕೂ ಅಪೆರಿತಿವೊ ಎಂದೇ ಹೆಸರು. ಊಟಕ್ಕೆ ಮುಂಚೆ ಹಸಿವು ತೆರೆಯಲೆಂದು ಕುಡಿಯುವುದು, ತೆರೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಹೆಸರು. ಊಟ ಮುಗಿದ ಮೇಲೆ ಕುಡಿಯುವ ಕಪ್ಪು ಬಣ್ಣದ ಕಹಿ ಅಮಾರೊಗಳು ಬೇರೆ ಪಂಗಡ.

ಕಹಿಯ ಏಣಿಯಲ್ಲಿ ಅಪೆರೋಲ್ ಕೆಳಗಿನ ಮೆಟ್ಟಿಲು. 1919ರಲ್ಲಿ ಪಾದುವಾದಲ್ಲಿ ಬಾರ್ಬಿಯೇರಿ ಸೋದರರು ಹೊರತಂದದ್ದು, ಆಲ್ಕೋಹಾಲು 11 ಶೇಕಡಾ ಮಾತ್ರ, ಕಿತ್ತಳೆ ಬಣ್ಣ, ಕಿತ್ತಳೆ ಪರಿಮಳ, ಸಿಹಿ ಮುಂದೆ ಕಹಿ ಹಿಂದೆ. ನಡುವಿನ ಮೆಟ್ಟಿಲು ಸೆಲೆಕ್ಟ್, 1920ರ ವೆನಿಸ್‌ನದು, 17.5 ಶೇಕಡಾ. ಮೇಲಿನದು ಕಂಪಾರಿ, ಇಟಲಿಯಲ್ಲಿ 25 ಶೇಕಡಾ. ಬಣ್ಣ ನೋಡಿಯೇ ಹೇಳಬಹುದು: ಕಿತ್ತಳೆ ಬಣ್ಣವಿದ್ದರೆ ಅಪೆರೋಲ್, ಮಾಣಿಕ್ಯದ ಕೆಂಪಿದ್ದರೆ ಉಳಿದೆರಡರಲ್ಲಿ ಒಂದು. ವೆನಿಸ್‌ನವರು ಸೆಲೆಕ್ಟ್ ಸ್ಪ್ರಿಟ್ಸ್‌ಗೆ ಹಸಿರು ಆಲಿವ್ ಹಾಕುತ್ತಾರೆ. ಪಲ್ಲೆಹೂವಿನ ಜಾತಿಯ ಆರ್ಟಿಚೋಕ್ ಎಲೆ ಬಳಸುವ ಚೀನಾರ್ ಎಂಬುದೊಂದಿದೆ, 16.5 ಶೇಕಡಾ, ಕಂದುಬಣ್ಣ, ಮಣ್ಣಿನ ವಾಸನೆಯ ಕಹಿ. ಹಾಗಲ, ಮೆಂತ್ಯ ಇಷ್ಟಪಡುವವರಿಗೆ ಅದು ಬೇಗ ಹಿಡಿಸುತ್ತದೆ.

ಮಿಲಾನ್‌ನಲ್ಲೇ ಇದ್ದೀರಿ. ಗಲೇರಿಯಾ ವಿತ್ತೋರಿಯೋ ಎಮಾನುಯೆಲೆಯಲ್ಲಿ, ಕೆಥೆಡ್ರಲ್ ಚೌಕಕ್ಕೆ ಮುಖಮಾಡಿ, ಕಾಂಪಾರಿನೊ ಎಂಬ ಬಾರ್ ಇದೆ. ಗಾಸ್ಪಾರೆಯ ಮಗ ದಾವಿದೆ 1915ರಲ್ಲಿ ತೆರೆದದ್ದು. ಅಲ್ಲಿ ಸ್ಪ್ರಿಟ್ಸ್ ಕೇಳದೆ ಕಂಪಾರಿ ಸೆಲ್ಟ್ಸ್ ಕೇಳಿ. ತಣ್ಣಗಿನ ಕಂಪಾರಿಯ ಮೇಲೆ ಒತ್ತಡದಿಂದ ಚಿಮ್ಮುವ ಸೋಡಾ ಬಿಡುತ್ತಾರೆ, ನೊರೆ ಗುಲಾಬಿಯಾಗಿ ಮೇಲೇಳುತ್ತದೆ, ಐಸು ಇರುವುದಿಲ್ಲ. ಕೌಂಟರಿನ ಮುಂದೆ ನಿಂತೇ ಕುಡಿಯಿರಿ. ಅಂಗಡಿಗಳಲ್ಲಿ ಸಿಗುವ, ಲಾಳಿಕೆಯನ್ನು ಬೋರಲು ಹಾಕಿದಂತಿರುವ ಪುಟ್ಟ ಕಂಪಾರಿ ಸೋಡಾ ಬಾಟಲಿಯನ್ನೂ ಗಮನಿಸಿ. 1932ರಲ್ಲಿ ಕಲಾವಿದ ಫೋರ್ತುನಾತೊ ದೆಪೆರೊ ರೂಪಿಸಿದ ಆಕಾರ ಅದು, ಇವತ್ತಿಗೂ ಹಾಗೇ ಉಳಿದಿದೆ. ಒಳಗಿರುವುದು ಬೆರೆಸಿದ್ದೇ, 10 ಶೇಕಡಾ; ಮತ್ತೆ ಸೋಡಾ ಸೇರಿಸಬೇಕಾಗಿಲ್ಲ.

ಪ್ರಶ್ನೆ: ಮನೆಯಲ್ಲಿ ಅಪೆರೋಲ್ ಸ್ಪ್ರಿಟ್ಸ್ ಮಾಡಿದರೆ ಹತ್ತು ನಿಮಿಷಕ್ಕೆ ಸಪ್ಪೆಯಾಗುತ್ತದೆ. ಪ್ರೊಸೆಕ್ಕೊ ದುಬಾರಿ. ನಮ್ಮ ಕಡೆಯ ವೈನ್ ಬಳಸಬಹುದೇ?
(ಓದುಗರು, ಬೆಂಗಳೂರು)

ಉತ್ತರ: ಲೆಕ್ಕ 3, 2, 1. ಇಟಲಿಯ ಸ್ಪಾರ್ಕ್ಲಿಂಗ್ ವೈನ್ ಪ್ರೊಸೆಕ್ಕೊ 90 ಮಿ.ಲೀ., ಅಪೆರೋಲ್ 60, ಸೋಡಾ 30. ದೊಡ್ಡ ಹೊಟ್ಟೆಯ ವೈನ್ ಗ್ಲಾಸಿಗೆ ತುಂಬ ಐಸು ಹಾಕಿ, ಮೊದಲು ಪ್ರೊಸೆಕ್ಕೊ, ಅದರ ಮೇಲೆ ಅಪೆರೋಲ್, ಕೊನೆಗೆ ಸೋಡಾ. ಈ ಕ್ರಮಕ್ಕೆ ಕಾರಣವಿದೆ. ಅಪೆರೋಲ್ ಭಾರವಾದ್ದರಿಂದ ವೈನಿನ ಮೂಲಕ ತಾನೇ ಇಳಿಯುತ್ತಾ ಬೆರೆಯುತ್ತದೆ, ಚಮಚ ಹೆಚ್ಚು ಆಡಿಸಬೇಕಿಲ್ಲ. ತಿರುಗಾಮುರುಗಾ ಹಾಕಿದರೆ ಅದು ತಳದಲ್ಲಿ ಕೂರುತ್ತದೆ, ನೀವು ಕಲಕಿ ಕಲಕಿ ಗುಳ್ಳೆ ಕಳೆಯುತ್ತೀರಿ. ಸಪ್ಪೆಯಾಗುವುದಕ್ಕೆ ಇದೊಂದು ಕಾರಣ. ಇನ್ನೊಂದು, ನಿನ್ನೆ ತೆರೆದ ವೈನ್. ಬಾಟಲಿಯ ಬಾಯಿಗೆ ಚಮಚ ಸಿಕ್ಕಿಸಿಟ್ಟರೆ ಗುಳ್ಳೆ ಉಳಿಯುತ್ತದೆ ಎಂಬುದು ಬರೀ ನಂಬಿಕೆ. ಸ್ಪಾರ್ಕ್ಲಿಂಗ್ ವೈನಿಗೆಂದೇ ಬರುವ ಬಿಗಿ ಮುಚ್ಚಳ ಕೊಳ್ಳಿ, ಮರುದಿನದೊಳಗೆ ಮುಗಿಸಿ. ಮೂರನೆಯದು ಐಸು. ಒಳಗೆ ಟೊಳ್ಳಿರುವ, ಮೈಮೇಲೆ ನೀರಾಡುವ ಐಸು ಹಾಕುವ ಹೊತ್ತಿಗೇ ಅರ್ಧ ಕರಗಿರುತ್ತದೆ. ಫ್ರೀಜರಿನಿಂದ ಆಗಷ್ಟೇ ತೆಗೆದ, ಮುಟ್ಟಿದರೆ ಬೆರಳಿಗೆ ಅಂಟುವ ಗಟ್ಟಿ ತುಂಡು ಬೇಕು.

ನಾಸಿಕ್ ಮತ್ತು ನಂದಿಬೆಟ್ಟದ ಸೀಮೆಯಲ್ಲಿ ತಯಾರಾಗುವ ಸ್ಪಾರ್ಕ್ಲಿಂಗ್ ವೈನ್ ಧಾರಾಳವಾಗಿ ಬಳಸಿ. ಲೇಬಲ್ ಮೇಲೆ ಬ್ರೂಟ್ ಎಂದಿರುವುದನ್ನೇ ಆರಿಸಿ. ಇಲ್ಲೊಂದು ಎಡವಟ್ಟಾಗುತ್ತದೆ: ಎಕ್ಸ್‌ಟ್ರಾ ಡ್ರೈ ಎಂದರೆ ಇನ್ನೂ ಕಡಿಮೆ ಸಿಹಿ ಎಂದು ಅನೇಕರು ಕೊಳ್ಳುತ್ತಾರೆ. ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈನಲ್ಲಿ 12ರಿಂದ 17 ಗ್ರಾಂ. ಅಪೆರೋಲ್ ತಾನೇ ಸಿಹಿಯಾಗಿರುವುದರಿಂದ ಬ್ರೂಟ್ ಇದ್ದರೆ ಹದ ಸಿಗುತ್ತದೆ. ಅಪೆರೋಲ್ ಬದಲು ಕಂಪಾರಿ ಹಾಕುವುದಾದರೆ 60ಕ್ಕೆ ಹೋಗಬೇಡಿ, 40ರಿಂದ 45 ಸಾಕು.

ಪ್ರಶ್ನೆ: ಬೆಂಗಳೂರಿನ ಬಾರುಗಳಲ್ಲಿ ಕುಡಿದ ನೆಗ್ರೋನಿ ಚೆನ್ನಾಗಿರುತ್ತದೆ. ಅದೇ ಜಿನ್, ಅದೇ ಕಂಪಾರಿ, ಅದೇ ವರ್ಮುತ್, ಸಮ ಸಮ ಅಳತೆ. ಆದರೂ ಮನೆಯಲ್ಲಿ ಮಾಡಿದ್ದು ಹಳೇ ಒಣದ್ರಾಕ್ಷಿ ನೆನೆಸಿದ ನೀರಿನಂತೆ, ಮಂದ. ಎಲ್ಲಿ ತಪ್ಪುತ್ತಿದ್ದೇನೆ?
(ಓದುಗರು, ಧಾರವಾಡ)

ಉತ್ತರ: ಒಣದ್ರಾಕ್ಷಿ ಎಂದು ಬರೆದು ನೀವೇ ಕಾರಣವನ್ನೂ ತಿಳಿಸಿದ್ದೀರಿ. ನಿಮ್ಮ ವರ್ಮುತ್ ಹಳತಾಗಿದೆ.

ಜಿನ್, ಕಂಪಾರಿಗಳನ್ನು ಕಪಾಟಿನಲ್ಲಿಟ್ಟರೆ ಏನೂ ಆಗುವುದಿಲ್ಲ. ಹಾಗೆಂದು ವರ್ಮುತ್ತನ್ನೂ ಅವುಗಳ ಪಕ್ಕದಲ್ಲೇ ನಿಲ್ಲಿಸುತ್ತೇವೆ. ಅದು ವೈನ್. ಗಿಡಮೂಲಿಕೆ ನೆನೆಸಿ, ಒಂದಿಷ್ಟು ಆಲ್ಕೋಹಾಲು ಸೇರಿಸಿ 15, 16 ಶೇಕಡಾಕ್ಕೆ ತಂದದ್ದು. ತೆರೆದ ಕ್ಷಣದಿಂದ ಗಾಳಿ ಅದನ್ನು ತಿನ್ನಲು ಶುರುಮಾಡುತ್ತದೆ. ನಮ್ಮ ಬೇಸಿಗೆಯ ಬಿಸಿಯಲ್ಲಿ ಕಪಾಟಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಪರಿಮಳ ಬಾಡುತ್ತದೆ. ತೆರೆದ ಮೇಲೆ ಫ್ರಿಜ್‌ನಲ್ಲೇ ಇಡಬೇಕು, ಒಂದು, ಹೆಚ್ಚೆಂದರೆ ಎರಡು ತಿಂಗಳಲ್ಲಿ ಮುಗಿಸಬೇಕು. ಒಂಟಿಯಾಗಿ ಕುಡಿಯುವವರಿಗೆ 750 ಮಿ.ಲೀ. ಬಾಟಲಿ ಅಷ್ಟು ಬೇಗ ಮುಗಿಯುವುದಿಲ್ಲ. ಅದಕ್ಕೊಂದು ಉಪಾಯ: ಖಾಲಿ ಗಾಜಿನ ಕ್ವಾರ್ಟರ್ ಬಾಟಲಿ ನಾಲ್ಕು ತೆಗೆದುಕೊಂಡು ಬಿಸಿನೀರಲ್ಲಿ ತೊಳೆದು ಒಣಗಿಸಿ, ಹೊಸ ವರ್ಮುತ್ ತೆರೆದ ದಿನವೇ ಕೊರಳಿನವರೆಗೆ ತುಂಬಿಸಿ ಮುಚ್ಚಿ ಫ್ರಿಜ್‌ನಲ್ಲಿಡಿ. ನಾಲ್ಕು ಕ್ವಾರ್ಟರ್ 720 ಮಿ.ಲೀ. ಆಗುತ್ತದೆ, ಉಳಿದ 30 ಅವತ್ತಿನ ನೆಗ್ರೋನಿಗೆ. ಬಾಟಲಿಯೊಳಗೆ ಗಾಳಿಗೆ ಜಾಗವಿಲ್ಲದ್ದರಿಂದ ತೆರೆಯದವು ತಾಜಾ ಉಳಿಯುತ್ತವೆ.

ಹಾಳಾಗಿದೆಯೋ ಇಲ್ಲವೋ ತಿಳಿಯಲು ಒಂದು ಚಮಚ ಹಾಗೆಯೇ ಕುಡಿದು ನೋಡಿ. ಒಳ್ಳೆಯ ವರ್ಮುತ್‌ನಲ್ಲಿ ಕಿತ್ತಳೆ, ಮಸಾಲೆ, ವೆನಿಲ್ಲಾ, ಕೊನೆಯಲ್ಲಿ ದವನದ ಜಾತಿಯ ವರ್ಮ್‌ವುಡ್ ಗಿಡದ ಸಣ್ಣ ಕಹಿ ಬಿಡಿಬಿಡಿಯಾಗಿ ಸಿಗುತ್ತದೆ. ಹಾಳಾದದ್ದರಲ್ಲಿ ಒಣದ್ರಾಕ್ಷಿ, ಸ್ವಲ್ಪ ವಿನೆಗರ್ ಬಿಟ್ಟರೆ ಏನಿಲ್ಲ. ಬಣ್ಣ ನೋಡಿ ನಿರ್ಧರಿಸಬೇಡಿ. ಕೆಂಪು ವರ್ಮುತ್ ಹೆಚ್ಚಾಗಿ ಬಿಳಿ ವೈನಿಂದಲೇ ಮಾಡಿದ್ದು, ಬಣ್ಣ ಸುಟ್ಟ ಸಕ್ಕರೆಯದು, ಅದು ಮಾಸುವುದಿಲ್ಲ.

ಇನ್ನು ಮಾಡುವ ಕ್ರಮ. ಗಿಡ್ಡನೆಯ ದಪ್ಪ ತಳದ ಗ್ಲಾಸಿಗೆ ದೊಡ್ಡ ಐಸಿನ ತುಂಡುಗಳು, ಅದರ ಮೇಲೆ ಜಿನ್ 30, ಕಂಪಾರಿ 30, ಸಿಹಿ ಕೆಂಪು ವರ್ಮುತ್ 30. ಚಮಚದಿಂದ 20ರಿಂದ 30 ಸೆಕೆಂಡು ಕಲಕಿ. ಇದರಲ್ಲಿ ಗುಳ್ಳೆಯಿಲ್ಲ, ಕಲಕಲು ಹೆದರಬೇಕಿಲ್ಲ. ಇಷ್ಟು ಹೊತ್ತಿನಲ್ಲಿ 20, 25 ಮಿ.ಲೀ. ನೀರು ಸೇರುತ್ತದೆ, ಅದು ಪಾಕವಿಧಾನದ ಭಾಗವೇ. ಕಲಕದೆ ಕೊಟ್ಟರೆ ಮೊದಲ ಗುಟುಕು ಗಂಟಲು ಸುಡುತ್ತದೆ. ಜಿನ್ ಸಾದಾ ಲಂಡನ್ ಡ್ರೈ ಬಗೆಯದಿರಲಿ. ಗೋವಾದಲ್ಲಿ ತಯಾರಾಗುವ ಸಾದಾ ಜಿನ್‌ಗಳು ಚೆನ್ನಾಗಿ ಹೊಂದುತ್ತವೆ. ಮಾವು, ಗುಲಾಬಿ ಎಂದು ಸುವಾಸನೆ ಹಾಕಿದವು ಕಂಪಾರಿಯ ಮುಂದೆ ಸೋಪಿನಂತಾಗುತ್ತವೆ. ಕಹಿ ಜಾಸ್ತಿ ಎನಿಸಿದರೆ ಜಿನ್ 40 ಮಾಡಿ, ಕಂಪಾರಿ 20ಕ್ಕೆ ಇಳಿಸಿ. ವರ್ಮುತ್ ಹೆಚ್ಚಿಸಿದರೆ ಸಿಹಿ ಮೇಲಾಗುತ್ತದೆ.

ಇದರ ಹಿರಿಯಣ್ಣ ಅಮೆರಿಕಾನೊ: ಕಂಪಾರಿ 30, ಸಿಹಿ ವರ್ಮುತ್ 30, ಮೇಲೆ ಸೋಡಾ. 1919ರ ಸುಮಾರಿಗೆ ಫ್ಲಾರೆನ್ಸ್‌ನ ಕಾಫೆ ಕಾಸೋನಿಯಲ್ಲಿ ಕೌಂಟ್ ಕಮಿಲ್ಲೋ ನೆಗ್ರೋನಿ ಸೋಡಾ ಬದಲು ಜಿನ್ ಹಾಕಿಕೊಡು ಎಂದು ಫೋಸ್ಕೊ ಸ್ಕಾರ್ಸೆಲ್ಲಿ ಎಂಬ ಬಾರ್‌ಮ್ಯಾನ್‌ಗೆ ಹೇಳಿದ್ದರಿಂದ ನೆಗ್ರೋನಿ ಹುಟ್ಟಿತು ಎಂಬುದು ಪ್ರಚಲಿತ ಕಥೆ. ಜಿನ್ ಬದಲು ಸ್ಪಾರ್ಕ್ಲಿಂಗ್ ವೈನ್ ಹಾಕಿದರೆ ಮಿಲಾನ್‌ನ ಬಾರ್ ಬಾಸ್ಸೋ ಪ್ರಸಿದ್ಧಗೊಳಿಸಿದ ಸ್ಬಾಲ್ಯಾತೊ, ಎಂದರೆ ತಪ್ಪಾದದ್ದು. ಬಿಸಿಲಿನ ಊರಿಗೆ ನೆಗ್ರೋನಿಗಿಂತ ಅಮೆರಿಕಾನೊ ಹೆಚ್ಚು ಒಗ್ಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಿಮ್ಮ ಹೊಸ ವರ್ಮುತ್ತಿನ ಮೊದಲ ಪರೀಕ್ಷೆ ಅದರಲ್ಲೇ ಆಗಲಿ.

ಪ್ರಶ್ನೆ: ನಮ್ಮ ತೋಟದ ಕೊಡಗಿನ ಕಿತ್ತಳೆ ಕಂಪಾರಿಗೆ ಹೊಂದುತ್ತದೆಯೇ? ಚಿತ್ರಗಳಲ್ಲಿ ಕಾಣುವ ಹಣ್ಣು ಬೇರೆಯೇ ಥರ ಇದೆ.
(ಓದುಗರು, ಸಿದ್ದಾಪುರ, ಕೊಡಗು)

ಉತ್ತರ: ಚಿತ್ರದಲ್ಲಿರುವುದು ಸಿಪ್ಪೆ ಬಿಗಿಯಾಗಿ ಅಂಟಿದ ಜಾತಿ, ನಮ್ಮಲ್ಲಿ ಮಾಲ್ಟಾ ಎಂದೋ ಇಂಪೋರ್ಟೆಡ್ ಆರೆಂಜ್ ಎಂದೋ ಮಾರುತ್ತಾರೆ. ಕೊಡಗಿನದು, ನಾಗಪುರದ್ದು ಎರಡೂ ಮ್ಯಾಂಡರಿನ್ ಜಾತಿ. ಸಿಪ್ಪೆ ಸಡಿಲ, ತೆಳು, ಕೈಯಲ್ಲೇ ಬಿಡಿಸಬಹುದು. ಪರಿಮಳವೂ ಬೇರೆ: ಬಿಗಿಸಿಪ್ಪೆಯದು ಖಾರವಾದ ಒಣ ಪರಿಮಳ, ಕೊಡಗಿನದು ಹೂವಿನ ಕಡೆಗೆ ವಾಲುವ ಮೃದು ಪರಿಮಳ. ಕಂಪಾರಿ ಸೋಡಾ ಮತ್ತು ಅಮೆರಿಕಾನೊಗೆ ಕೊಡಗಿನ ಸಿಪ್ಪೆ ಬಹಳ ಚೆಂದ. ನೆಗ್ರೋನಿಯಲ್ಲಿ ಜಿನ್ ಅದನ್ನು ನುಂಗಿಬಿಡುತ್ತದೆ, ಅಲ್ಲಿ ಮಾಲ್ಟಾ ಬೇಕು.

ಸಿಪ್ಪೆ ತೆಗೆಯುವುದರಲ್ಲಿ ಎಚ್ಚರ ಬೇಕು. ಹಣ್ಣನ್ನು ಬಿಸಿನೀರಲ್ಲಿ ಉಜ್ಜಿ ತೊಳೆದು ಒರೆಸಿ. ಅಂಗಡಿ ಹಣ್ಣಿನ ಮೇಲೆ ಮೇಣ ಬಳಿದಿರುತ್ತಾರೆ. ತರಕಾರಿ ಸಿಪ್ಪೆ ಹೆರೆಯುವ ಪೀಲರ್‌ನಿಂದ ಎರಡು ಬೆರಳಗಲ, ಹೆಬ್ಬೆರಳುದ್ದದ ಪಟ್ಟಿ ತೆಗೆಯಿರಿ. ಒಳಗಿನ ಬಿಳಿ ಭಾಗ ಆದಷ್ಟು ಬರಬಾರದು, ಅದು ಒಗರು. ಮ್ಯಾಂಡರಿನ್ ಸಿಪ್ಪೆ ಸಡಿಲವಾದ್ದರಿಂದ ಪೀಲರ್ ಜಾರುತ್ತದೆ, ಕಾಲುಭಾಗ ಸಿಪ್ಪೆ ಬಿಡಿಸಿಕೊಂಡು ಹಲಗೆಯ ಮೇಲೆ ಬಿಳಿಭಾಗವನ್ನು ಚಾಕುವಿನಿಂದ ಹೆರೆಯುವುದು ಸುಲಭ. ಈಗ ಪಟ್ಟಿಯ ಬಣ್ಣದ ಮೈ ಲೋಟದ ಕಡೆಗಿರುವಂತೆ ಹಿಡಿದು, ಮೇಲ್ಮೈಯಿಂದ ಒಂದು ಗೇಣಿಗೂ ಕಡಿಮೆ ಎತ್ತರದಲ್ಲಿ, ಎರಡೂ ಕೈಯ ಬೆರಳುಗಳಿಂದ ಚಟಕ್ಕನೆ ಮಡಿಸಿ. ಓರೆ ಬೆಳಕಿನಲ್ಲಿ ಸಣ್ಣ ತುಂತುರು ಹಾರಿದ್ದು ಕಾಣುತ್ತದೆ, ಪಾನೀಯದ ಮೇಲೆ ಎಣ್ಣೆಯ ತೆಳ್ಳನೆ ಕಣ್ಣುಗಳು ತೇಲುತ್ತವೆ. ಮೂಗಿಗೆ ಮೊದಲು ತಲುಪುವುದು ಅದೇ. ಈ ಎಣ್ಣೆಯಿಲ್ಲದೆ ಬರೀ ಹಣ್ಣಿನ ಬಿಲ್ಲೆ ತೇಲಿಸಿದರೆ ಅರ್ಧ ಪರಿಮಳವೂ ಸಿಗುವುದಿಲ್ಲ. ಮೂಸಂಬಿ ಬೇಡ, ಅದರ ಸಿಪ್ಪೆಯ ಪರಿಮಳ ಕಂಪಾರಿಯ ಎದುರು ಹಸಿರುಹಸಿಯಾಗುತ್ತದೆ.

ಹಣ್ಣು ಧಾರಾಳವಾಗಿದ್ದರೆ ಗರಿಬಾಲ್ದಿ ಮಾಡಿ. ಕಂಪಾರಿ 45 ಮಿ.ಲೀ., ಆಗಷ್ಟೇ ಹಿಂಡಿ ಸೋಸಿದ ರಸ 120 ಮಿ.ಲೀ. ರಸವನ್ನು ಮಿಕ್ಸಿಯಲ್ಲಿ 15 ಸೆಕೆಂಡು ತಿರುಗಿಸಿ ನೊರೆ ಎಬ್ಬಿಸಿದರೆ ಭಾರದ ರಸ ಹಗುರಾಗುತ್ತದೆ. ಬೀಜ ತೆಗೆದೇ ಹಿಂಡಬೇಕು, ಮಿಕ್ಸಿಗೆ ಬೀಜ ಹೋದರೆ ಬೇರೆಯೇ ಕಹಿ. ಕಂಪಾರಿ ಇಟಲಿಯ ಉತ್ತರದ್ದು, ಕಿತ್ತಳೆ ದಕ್ಷಿಣದ ಸಿಸಿಲಿಯದು. ಎರಡನ್ನೂ ಕೂಡಿಸಿದ್ದಕ್ಕೆ ಇಟಲಿಯನ್ನು ಒಂದುಗೂಡಿಸಿದ ಗರಿಬಾಲ್ದಿಯ ಹೆಸರು.

ದೇವನಹಳ್ಳಿ ಚಕ್ಕೋತ ಸಿಕ್ಕಾಗಲೂ ಬಿಡಬೇಡಿ. ಕಂಪಾರಿಯ ಜೊತೆ ಪರದೇಶಗಳಲ್ಲಿ ಬಹಳ ಬಳಕೆಯಲ್ಲಿರುವ ಗ್ರೇಪ್‌ಫ್ರೂಟ್ ಹಣ್ಣು ಚಕ್ಕೋತ ಮತ್ತು ಕಿತ್ತಳೆಯ ಮಿಶ್ರತಳಿಯೇ. ತೊಳೆಗಳ ಪೊರೆ ಪೂರ್ತಿ ಬಿಡಿಸಿ ರಸ ತೆಗೆದು, 60 ಮಿ.ಲೀ. ರಸಕ್ಕೆ 30 ಕಂಪಾರಿ, 60 ಸೋಡಾ. ಕೊಲೆಸ್ಟರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳ ಜೊತೆ ಈ ಎರಡೂ ಹಣ್ಣು ಕೂಡದು, ಮಾತ್ರೆಯ ಪ್ರಮಾಣ ರಕ್ತದಲ್ಲಿ ಏರಿಬಿಡುತ್ತದೆ. ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಪ್ರಶ್ನೆ: ಕಂಪಾರಿ ಸಿಗಲಿಲ್ಲವೆಂದು ಬಿಟ್ಟರ್ಸ್ ಎಂದು ಬರೆದಿದ್ದ ಸಣ್ಣ ಬಾಟಲಿ ತಂದೆ. 30 ಮಿ.ಲೀ. ಹಾಕಿದರೆ ಸರಿಯೇ?
(ಓದುಗರು, ಹಾಸನ)

ಉತ್ತರ: ಬೇಡ. ಅದು ಅಂಗೊಸ್ಟೂರಾದಂಥ ಹನಿ ಲೆಕ್ಕದ ಬಿಟ್ಟರ್ಸ್. ಒಂದು ಲೋಟಕ್ಕೆ ಎರಡು ಮೂರು ಸಲ ಚಿಮುಕಿಸಲು ಮಾಡಿದ್ದು, ಒಗ್ಗರಣೆಗೆ ಇಂಗು ಇದ್ದಂತೆ. ಆಲ್ಕೋಹಾಲು 44.7 ಶೇಕಡಾ. ಕಂಪಾರಿಯ ಜಾಗವನ್ನು ಅದು ತುಂಬುವುದಿಲ್ಲ.

ಪ್ರಶ್ನೆ: ಜೊತೆಗೆ ತಿನ್ನಲು ಏನು ಕೊಡಬೇಕು? ಮೆಣಸಿನಕಾಯಿ ಬಜ್ಜಿ ಕೊಟ್ಟೆವು, ಯಾರಿಗೂ ಹಿಡಿಸಲಿಲ್ಲ.
(ಓದುಗರು, ಬೆಂಗಳೂರು)

ಉತ್ತರ: ಖಾರದಿಂದ ಕೆಟ್ಟಿದೆ. ಮೆಣಸಿನಕಾಯಿಯ ಖಾರವನ್ನೂ ಆಲ್ಕೋಹಾಲಿನ ಉರಿಯನ್ನೂ ನಾಲಿಗೆಯ ಮೇಲೆ ಅರಿಯುವುದು ಒಂದೇ ಬಗೆಯ ಸಂವೇದಿ ನರತುದಿ. ಒಂದು ಇನ್ನೊಂದನ್ನು ಹೆಚ್ಚಿಸುತ್ತದೆ, ಸೋಡಾದ ಗುಳ್ಳೆ ಮತ್ತಷ್ಟು ಚುಚ್ಚುತ್ತದೆ. ಇಟಲಿಯಲ್ಲಿ ಆಲಿವ್, ಆಲೂಗಡ್ಡೆ ಚಿಪ್ಸು, ತರಾಲ್ಲಿ ಎಂಬ ಚಿಕ್ಕ ಉಂಗುರದ ಬಿಸ್ಕತ್ತು ಕೊಡುತ್ತಾರೆ. ಎಲ್ಲದರಲ್ಲೂ ಉಪ್ಪು, ಜಿಡ್ಡು, ಗರಿಗರಿ ಇದೆ, ಖಾರವಿಲ್ಲ. ತರಾಲ್ಲಿ ನೋಡಿದರೆ ಕೋಡುಬಳೆಯ ನೆನಪು ಬಾರದಿರದು. ಹಾಗಾಗಿ ಖಾರ ಕಡಿಮೆ ಮಾಡಿದ ಕೋಡುಬಳೆ, ನಿಪ್ಪಟ್ಟು, ಉಪ್ಪು ಹಚ್ಚಿ ಹುರಿದ ಗೋಡಂಬಿ, ಕರಿಬೇವಿನ ಕಾಂಗ್ರೆಸ್ ಕಡಲೇಕಾಯಿ ಚೆನ್ನಾಗಿ ಹೊಂದುತ್ತವೆ. ಸಿಹಿ ಮಾತ್ರ ಇಡಬೇಡಿ. ಮೈಸೂರುಪಾಕಿನ ಮೇಲೆ ಕಂಪಾರಿ ಕುಡಿದರೆ ಅದರ ಸಿಹಿ ಪೂರ್ತಿ ಮಾಯವಾಗಿ ಕಹಿಯೊಂದೇ ಉಳಿಯುತ್ತದೆ.

ಪ್ರಶ್ನೆ: ಮನೆಗೆ ಆರು ಜನ ಬರುತ್ತಾರೆ. ಒಬ್ಬೊಬ್ಬರಿಗೂ ನಿಂತು ಕಲಕುವ ಬದಲು ನೆಗ್ರೋನಿ ಮೊದಲೇ ಮಾಡಿಡಬಹುದೇ? ಒಬ್ಬರು ಕುಡಿಯುವುದಿಲ್ಲ, ಅವರಿಗೇನು ಕೊಡಲಿ?
(ಓದುಗರು, ಮಂಗಳೂರು)

ಉತ್ತರ: ಮಾಡಿಡಬಹುದು, ನೆಗ್ರೋನಿಯಲ್ಲಿ ಹಣ್ಣಿನ ರಸವಿಲ್ಲದ್ದರಿಂದ ಕೆಡುವುದಿಲ್ಲ. ಖಾಲಿ 750 ಮಿ.ಲೀ. ಬಾಟಲಿಗೆ ಜಿನ್ 200, ಕಂಪಾರಿ 200, ವರ್ಮುತ್ 200 ಹಾಕಿ. ಇದಕ್ಕೆ 130 ಮಿ.ಲೀ. ಕುಡಿಯುವ ನೀರು ಸೇರಿಸಿ. ಅನೇಕರು ಮರೆಯುವುದು ಇದನ್ನೇ. ಐಸಿನ ಜೊತೆ ಕಲಕುವಾಗ ಸೇರುತ್ತಿದ್ದ ನೀರಿನ ಬದಲಿಗೆ ಇದು. ಬಿಟ್ಟರೆ ಎಲ್ಲರಿಗೂ ತಲೆಗೇರುತ್ತದೆ. ಮುಚ್ಚಿ ಒಮ್ಮೆ ಬೋರಲು ಮಾಡಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡಿ. ಬಂದವರಿಗೆ ದೊಡ್ಡ ಐಸಿನ ಮೇಲೆ 110 ಮಿ.ಲೀ. ಸುರಿದು ಸಿಪ್ಪೆ ಹಿಂಡಿದರಾಯಿತು. ಆರು ಲೋಟಕ್ಕೆ ಬರುತ್ತದೆ. ಸ್ಪ್ರಿಟ್ಸ್ ಮಾತ್ರ ಹೀಗೆ ಮಾಡಿಡಲಾಗದು.

ಐಸನ್ನು ಹಿಂದಿನ ದಿನವೇ ಮಾಡಿ, ಗಟ್ಟಿಯಾದ ಮೇಲೆ ಮುಚ್ಚಳದ ಡಬ್ಬಿಗೆ ಹಾಕಿ. ಮುಚ್ಚದ ಟ್ರೇಯ ಐಸು ಫ್ರಿಜ್‌ನಲ್ಲಿರುವ ದೋಸೆಹಿಟ್ಟು, ಹೆಚ್ಚಿಟ್ಟ ಈರುಳ್ಳಿಯ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಇಷ್ಟು ಶ್ರಮಪಟ್ಟ ನೆಗ್ರೋನಿ ಹುಳಿಹಿಟ್ಟಿನ ವಾಸನೆ ಹೊಡೆದರೆ ಬೇಸರವಾಗುತ್ತದೆ.

ಕುಡಿಯದವರಿಗೆ ಇಟಲಿಯಲ್ಲೇ ಆಲ್ಕೋಹಾಲಿಲ್ಲದ ಕಹಿ ಪಾನೀಯಗಳಿವೆ. 1965ರಿಂದ ಇರುವ ಕ್ರೋದಿನೊ, ಕೆಂಪು ಬಣ್ಣದ ಸಾನ್‌ಬಿತ್ತೆರ್. ಸಿಗದಿದ್ದರೆ ಐಸು ತುಂಬಿದ ಲೋಟಕ್ಕೆ ಚಕ್ಕೋತದ ರಸ 40, ಟಾನಿಕ್ ವಾಟರ್ 120, ಮೇಲೆ ಕಿತ್ತಳೆ ಸಿಪ್ಪೆಯ ಎಣ್ಣೆ. ಟಾನಿಕ್‌ನ ಕ್ವಿನೈನ್ ಕಹಿ ಕೊಡುತ್ತದೆ. ಎಲ್ಲರ ಲೋಟದ ಥರದ್ದೇ ಲೋಟದಲ್ಲಿ ಕೊಡಿ.

ಪ್ರಶ್ನೆ: ಸ್ಪ್ರಿಟ್ಸ್ ಲೈಟ್, ಕುಡಿದು ಗಾಡಿ ಓಡಿಸಬಹುದು ಎನ್ನುತ್ತಾರೆ. ನಿಜವೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಓಡಿಸಬೇಡಿ. ಲೆಕ್ಕ ನೋಡಿ. 11 ಶೇಕಡಾದ ವೈನ್ 90 ಮಿ.ಲೀ., ಅಷ್ಟೇ ಶೇಕಡಾದ ಅಪೆರೋಲ್ 60 ಮಿ.ಲೀ. ಸೇರಿ 16.5 ಮಿ.ಲೀ. ಶುದ್ಧ ಆಲ್ಕೋಹಾಲು, ಅಂದರೆ 13 ಗ್ರಾಂ. 5 ಶೇಕಡಾದ 330 ಮಿ.ಲೀ. ಬಿಯರಿನಲ್ಲಿರುವುದೂ ಅಷ್ಟೇ. ಅಮೆರಿಕಾನೊದಲ್ಲಿ ಸುಮಾರು 10 ಗ್ರಾಂ. ನಮ್ಮ 42.8 ಶೇಕಡಾದ ಜಿನ್ ಹಾಕಿದ ನೆಗ್ರೋನಿಯಲ್ಲಿ ಸುಮಾರು 20 ಗ್ರಾಂ. ಭಾರತದಲ್ಲಿ ಚಾಲಕರಿಗೆ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ, ಇಟಲಿಯ 50ಕ್ಕಿಂತ ಬಿಗಿ. ಕಹಿ ಜೀರ್ಣಕ್ಕೆ ಒಳ್ಳೆಯದೆಂಬ ಮಾತು ಕೇಳಿ ಬಸುರಿಯರಾಗಲಿ ಹೊಟ್ಟೆಹುಣ್ಣಿನವರಾಗಲಿ ಮುಟ್ಟಬಾರದು. ಇದು ಮದ್ಯ, ಔಷಧಿಯಲ್ಲ.

ಪ್ರಶ್ನೆ: ತೆರೆದ ಬಾಟಲಿಗಳನ್ನು ಫ್ರೀಜರಿನಲ್ಲಿಡಬಹುದೇ? ಕಿಟಕಿ ಪಕ್ಕದ ಶೋಕೇಸಿನಲ್ಲಿದ್ದ ಕಂಪಾರಿಯ ಬಣ್ಣ ಮಂಕಾಗಿದೆ.
(ಓದುಗರು, ಶಿವಮೊಗ್ಗ)

ಉತ್ತರ: ಬಣ್ಣ ಮಂಕಾಗಿಸಿದ್ದು ಬಿಸಿಲು. ಕುಡಿದರೆ ತೊಂದರೆಯಿಲ್ಲ, ಆದರೆ ಪರಿಮಳವೂ ಒಂದಿಷ್ಟು ಹೋಗಿರುತ್ತದೆ. ಸೋಡಾದ ಬದಲು ಕಿತ್ತಳೆ ರಸದ ಜೊತೆ ಖರ್ಚು ಮಾಡಿ. ಕಂಪಾರಿಯನ್ನು ಕತ್ತಲ ಕಪಾಟಿನಲ್ಲಿ, ಒಲೆಯಿಂದ ದೂರ, ನಿಲ್ಲಿಸಿಯೇ ಇಡಿ. ವರ್ಷ ದಾಟಿದರೂ ಕೆಡುವುದಿಲ್ಲ. ಮುಚ್ಚಳದ ಸುತ್ತ ಸಕ್ಕರೆ ಹರಳುಗಟ್ಟಿ ಬಿರಡೆ ಕಚ್ಚಿಕೊಳ್ಳುತ್ತದೆ, ಇರುವೆಯೂ ಬರುತ್ತದೆ. ಪ್ರತಿ ಸಲ ಸುರಿದ ಮೇಲೆ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಚ್ಚಿ.

ಫ್ರೀಜರಿನಲ್ಲಿ ಕಂಪಾರಿ ಗಟ್ಟಿಯಾಗದು, ಪಾಕದಂತೆ ಮಂದವಾಗುತ್ತದೆ. ಅತಿ ತಂಪಿನಲ್ಲಿ ಪರಿಮಳ ಏಳದ ಕಾರಣ ಫ್ರಿಜ್ಜೇ ಸಾಕು. ಅಪೆರೋಲ್‌ನಲ್ಲಿ ಆಲ್ಕೋಹಾಲು ಕಡಿಮೆ, ಫ್ರೀಜರಿನಲ್ಲಿ ಅದು ಗೋಲಾ ಐಸಿನಂತೆ ಕೆಸರುಗಟ್ಟುತ್ತದೆ. ಅದನ್ನು ಯಾವಾಗಲೂ ಫ್ರಿಜ್‌ನ ಬಾಗಿಲಿನಲ್ಲಿಡಿ, ತೆರೆದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸಿ, ಮೂರು ತಿಂಗಳೊಳಗೆ ಮುಗಿಸಿ.